ಬಾಬೆಲಿನ ಮೂರು ವರ್ಷಗಳು

ಕಾಲೇಜಿಗೆ ಹೊರಟ ಕ್ರೈಸ್ತ ವಿದ್ಯಾರ್ಥಿಗೆ ಮನೆಯವರೂ ಸಭೆಯ ಹಿರಿಯರೂ ಹೇಳಿ ಕಳಿಸುವ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಏನನ್ನು ಮಾಡಬಾರದು ಎಂಬುದನ್ನು ಕುರಿತಿರುತ್ತವೆ. ಏನನ್ನು, ಎಷ್ಟು ಆಳವಾಗಿ ಕಲಿಯಬೇಕೆಂಬ ಮಾತು ಅಲ್ಲಿ ಅಪರೂಪ. ಯೇಸುವಿಗಿಂತ ಹಿಂದಿನ ಕಾಲದ, ಯೆಹೂದ್ಯರಿಗೂ ಪವಿತ್ರವಾದ ಹಳೆಯ ಒಡಂಬಡಿಕೆಯಲ್ಲಿ ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವು ಈ ಎರಡನ್ನೂ ಜೊತೆಯಲ್ಲಿಟ್ಟು ನೋಡುತ್ತದೆ.

ನೆಬೂಕದ್ನೆಚ್ಚರ ಅರಸನು ಯೆಹೂದದಿಂದ ಸೆರೆತಂದವರಲ್ಲಿ ದಾನಿಯೇಲನೂ ಅವನ ಮೂವರು ಗೆಳೆಯರೂ ಆಯ್ಕೆಯಾಗಿ, ಆಸ್ಥಾನದ ಸೇವೆಗೆ ಸಿದ್ಧರಾಗಲು ಬಾಬೆಲಿನಲ್ಲಿ ಮೂರು ವರ್ಷಗಳ ಶಿಕ್ಷಣಕ್ಕೆ ಸೇರುತ್ತಾರೆ. ಕಲಿಯಬೇಕಾದದ್ದು ಕಸ್ದೀಯರ, ಎಂದರೆ ಬಾಬೆಲನ್ನು ಆಳುತ್ತಿದ್ದ ಜನರ, ಭಾಷೆ ಮತ್ತು ಸಾಹಿತ್ಯ. ಅದರಲ್ಲಿ ಆ ನಾಡಿನ ದೇವತೆಗಳ ಕಥೆಗಳೂ ನಕ್ಷತ್ರ ನೋಡಿ ಭವಿಷ್ಯ ಹೇಳುವ ವಿದ್ಯೆಯೂ ಇದ್ದಿರಲೇಬೇಕು. ಅವರ ಹೆಸರುಗಳನ್ನೂ ಅಧಿಕಾರಿಗಳು ಬದಲಾಯಿಸಿದರು. ಇಷ್ಟನ್ನೂ ಸಹಿಸಿದ ದಾನಿಯೇಲನು ಗೆರೆ ಎಳೆದದ್ದು ಅರಸನ ಭೋಜನ ಮತ್ತು ದ್ರಾಕ್ಷಾರಸದ ವಿಷಯದಲ್ಲಿ ಮಾತ್ರ. ಅಲ್ಲಿಯೂ ಹಟ ಹಿಡಿಯದೆ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ಪರೀಕ್ಷಿಸಿ ನೋಡಬೇಕೆಂದು ಮೇಲ್ವಿಚಾರಕನನ್ನು ಬೇಡಿಕೊಂಡನು. ಆ ನಿರಾಕರಣೆಗೆ ಕಾರಣವೇನೆಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಆದರೆ ಅವನು ಬಿಟ್ಟದ್ದು ಎಷ್ಟು ಸ್ವಲ್ಪ, ಕಲಿತದ್ದು ಎಷ್ಟು ವಿಸ್ತಾರ ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ.

ಇಂದಿನ ಕಾಲೇಜುಗಳಲ್ಲಿ ಈ ಅಳತೆ ಹಲವು ವೇಳೆ ತಿರುವುಮುರುವಾಗುತ್ತದೆ. ಜೀವಿಗಳು ಕಾಲಾಂತರದಲ್ಲಿ ಮಾರ್ಪಡುತ್ತ ಬಂದವೆಂದು ವಿವರಿಸುವ ಜೀವವಿಕಾಸ ಸಿದ್ಧಾಂತವನ್ನೋ ಹಳಗನ್ನಡದ ಜೈನ ಪುರಾಣವನ್ನೋ ವಿಶ್ವಾಸಕ್ಕೆ ಅಪಾಯವೆಂದು ದೂರವಿಟ್ಟು ಅಂಕಕ್ಕೆ ಬೇಕಾದಷ್ಟನ್ನು ಮಾತ್ರ ಬಾಯಿಪಾಠ ಮಾಡುವ ವಿದ್ಯಾರ್ಥಿಯೇ, ಗೆಳೆಯನ ಪ್ರಯೋಗಾಲಯದ ರೆಕಾರ್ಡನ್ನು ಹಾಗೆಯೇ ನಕಲು ಮಾಡುವಾಗಲಾಗಲಿ, ತರಗತಿಗೆ ಬಾರದವನ ಹಾಜರಿಗೆ ದನಿಗೂಡಿಸುವಾಗಲಾಗಲಿ ಹಿಂಜರಿಯುವುದಿಲ್ಲ. ಗೆರೆ ಬೇಕಾದದ್ದು ಅಲ್ಲಿ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ದಾನಿಯೇಲನನ್ನು ಕೆಡವಲು ಹೊಂಚುಹಾಕಿದ ಅಧಿಕಾರಿಗಳಿಗೆ ಅವನ ರಾಜಕಾರ್ಯದಲ್ಲಿ ಒಂದು ತಪ್ಪೂ ಸಿಗದೆ, ಕೊನೆಗೆ ಅವನ ಪ್ರಾರ್ಥನೆಯನ್ನೇ ಅಪರಾಧವಾಗಿಸುವ ಆಜ್ಞೆಯೊಂದನ್ನು ಅರಸನಿಂದ ಹೊರಡಿಸಬೇಕಾಯಿತು.

ಅನ್ಯರ ವಿದ್ಯೆಯಲ್ಲಿ ಮುಳುಗಿದರೆ ವಿಶ್ವಾಸ ಕರಗುವುದೆಂಬ ಭಯಕ್ಕೆ ಕನ್ನಡ ನಾಡಿನಲ್ಲಿಯೇ ಉತ್ತರವಿದೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್, ಜೈನನಾದ ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಸುವಾರ್ತೆ ಸಾರಲು ಬಂದವರನ್ನು ಕನ್ನಡಿಗರು ನೆನೆಯುತ್ತಿರುವುದು ನಿಘಂಟಿಗಾಗಿ; ಮಿಷನ್ನಿನ ಲೆಕ್ಕದಲ್ಲಿ ಇದು ನಷ್ಟವೆಂದು ಕೆಲವರಿಗಾದರೂ ತೋರಿರಬಹುದು, ಆದರೆ ಕಿಟ್ಟೆಲರು ವಿದ್ವತ್ತಿಗಾಗಿ ತಮ್ಮ ವಿಶ್ವಾಸವನ್ನು ತೊರೆದವರಲ್ಲ.

ಮನೆ ಬಿಟ್ಟು ಹಾಸ್ಟೆಲ್ ಸೇರಿದವರಿಗೆ ಅನ್ಯೋನ್ಯತೆ, ಎಂದರೆ ಒಟ್ಟಿಗೆ ಪ್ರಾರ್ಥಿಸಿ ಸತ್ಯವೇದ ಓದಿ ಕಷ್ಟಸುಖ ಹಂಚಿಕೊಳ್ಳುವ ಒಡನಾಟ, ಅಗತ್ಯವೇ ಸರಿ. ಭಾರತದಲ್ಲಿ ವಿದ್ಯಾರ್ಥಿ ಕ್ರೈಸ್ತ ಚಳವಳಿಯು 1912ರಲ್ಲಿಯೂ ಕಥೋಲಿಕ ವಿದ್ಯಾರ್ಥಿಗಳ ಅಖಿಲ ಭಾರತ ಒಕ್ಕೂಟವು 1924ರಲ್ಲಿಯೂ ಆರಂಭವಾದುದರಿಂದ ಇಂಥ ಕೂಟಗಳಿಗೆ ದೀರ್ಘ ಪರಂಪರೆಯಿದೆ. ಆದರೆ ಮೂರು ವರ್ಷ ವಾರವಾರವೂ ಕೂಡಿದ ಗುಂಪಿನಲ್ಲಿ ಒಬ್ಬರಿಗೂ ಅನ್ಯಮತದ ಆಪ್ತ ಗೆಳೆಯರಿಲ್ಲವೆಂದರೆ ಆ ಅನ್ಯೋನ್ಯತೆಯಲ್ಲಿ ಏನೋ ಕೊರತೆಯಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಪಠ್ಯದ ಮುಂದೆ ಕಂಗಾಲಾದ ಸಹಪಾಠಿಯೊಬ್ಬ ಪ್ರತಿ ಹಾಸ್ಟೆಲಿನಲ್ಲಿಯೂ ಇರುತ್ತಾನೆ. ಅವನ ಮತ ಯಾವುದೆಂದು ಕೇಳದೆ ಅವನಿಗೆ ಸಂಜೆ ಒಂದು ಗಂಟೆ ಪಾಠ ವಿವರಿಸುವುದನ್ನು ಕೂಟದ ಕಾರ್ಯಕ್ರಮದಲ್ಲಿ ಭಜನೆ, ಬೋಧನೆಗಳ ಜೊತೆಗೇ ಸೇರಿಸಿಕೊಳ್ಳಬಹುದು.