ಕಂಬಳಿಯ ಹಿಂದಿರುವ ಹುಲ್ಲುಗಾವಲು

(ಮಲೆನಾಡಿನ ಹಳ್ಳಿಯೊಂದರ ಪರಿಸರ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಲ್ಲಿ ನೆರೆದಿರುವ ಹಿರಿಯರಿಗೆ ಕಂಬಳಿಯನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಆರಿದ್ರಾ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿದವರು ತಾವು. ಇಂದು ಅದರ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆ ಆಕ್ರಮಿಸಿದೆ. ಹರಿದ ಹಾಳೆ ಗದ್ದೆಯ ಬದುವಿನಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತಿದೆ. ಈ ಬದಲಾವಣೆಯಲ್ಲಿ ನಾವು ಕಳೆದುಕೊಂಡದ್ದೇನು ಎಂಬುದನ್ನು ಇಂದು ಯೋಚಿಸೋಣ.

ಉಣ್ಣೆಯು ನಮ್ಮ ಕೂದಲು, ಉಗುರುಗಳಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆ ನೇರವಾಗಿರದೆ ಸುರುಳಿಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ನಿಂತ ಗಾಳಿಯೇ ದೇಹದ ಶಾಖ ಹೊರಹೋಗದಂತೆ ತಡೆಯುತ್ತದೆ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಕುರಿಯ ಮೈಯ ಜಿಡ್ಡು ಎಳೆಗಳಲ್ಲಿ ಉಳಿದಿದ್ದರೆ ಮಳೆಹನಿಗಳು ಬಹುಮಟ್ಟಿಗೆ ಜಾರಿ ಹೋಗುತ್ತವೆ. ಎಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಕಂಬಳಿಯ ನೇಯ್ಗೆ ಬಿಗಿಯಾಗುತ್ತದೆ. ದಿನವಿಡೀ ನೆನೆದ ಕಂಬಳಿ ಭಾರವಾಗುವುದು, ಬರಿಮೈಗೆ ಚುಚ್ಚುವುದು, ನುಸಿ ಹಿಡಿಯುವುದು ಸುಳ್ಳಲ್ಲ. ಆದರೆ ನುಸಿ ತಿನ್ನಬಲ್ಲ ವಸ್ತುವನ್ನು ಮಣ್ಣೂ ಜೀರ್ಣಿಸಿಕೊಳ್ಳಬಲ್ಲದು.

ವಿದ್ಯಾರ್ಥಿಗಳು ಹಿರಿಯರ ಎದುರಿನಲ್ಲಿ ಒಂದು ಸಣ್ಣ ಪ್ರಯೋಗ ಮಾಡಬಹುದು. ಕಂಬಳಿಯ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿರಿ. ಕೂದಲು ಸುಟ್ಟ ವಾಸನೆ ಬರುತ್ತದೆ. ದೀಪದಿಂದ ದೂರ ಸರಿಸಿದೊಡನೆ ಬೆಂಕಿ ಆರುತ್ತದೆ. ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್ ಎಳೆಯಾದರೋ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಶಾಲೆಯ ತೋಟದಲ್ಲಿ ಹೂತು ಮುಂದಿನ ವರ್ಷ ಅಗೆದು ನೋಡಿರಿ.

ಮಿತ್ರರೇ, ಈ ಕಂಬಳಿ ನಮ್ಮ ಬೆಟ್ಟದಲ್ಲಿ ಹುಟ್ಟಿದ್ದಲ್ಲ, ಬಯಲುಸೀಮೆಯಿಂದ ಬಂದದ್ದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಬಿಸಿಲು, ಬರ, ದೂರದ ನಡಿಗೆಗಳನ್ನು ತಾಳಬಲ್ಲ ದಖನಿ ಕುರಿಯ ಒರಟು ಉಣ್ಣೆ ಅದಕ್ಕೆ ಮೂಲ. ಕುರಿಯ ಕರಿ ಬಣ್ಣವೇ ಕಂಬಳಿಯ ಬಣ್ಣ. ಹೆಣ್ಣುಮಕ್ಕಳು ನೂಲು ತೆಗೆಯುತ್ತಾರೆ. ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕುಳಿಮಗ್ಗದಲ್ಲಿ ನೇಯುತ್ತಾರೆ. ಇವೆಲ್ಲಕ್ಕೂ ಆಧಾರ ಹುಲ್ಲುಗಾವಲು.

ಆ ಹುಲ್ಲುಗಾವಲನ್ನೇ ನಾವು ‘ಪಾಳುಭೂಮಿ’ ಎಂದು ಕರೆದೆವು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಇತ್ತ ಮಾಂಸದ ಬೇಡಿಕೆ ಹೆಚ್ಚಿ ಉಣ್ಣೆಯಿಲ್ಲದ ತಳಿಗಳು ಮಂದೆಗಳನ್ನು ಸೇರಿದವು. ಕತ್ತರಿಸುವ ಕೂಲಿಯೂ ಹುಟ್ಟದೆ ಎಷ್ಟೋ ಕುರಿಗಾಹಿಗಳು ಉಣ್ಣೆಯನ್ನು ಎಸೆಯುತ್ತಿದ್ದಾರೆ. ಅಲ್ಲಿ ಉಣ್ಣೆ ಕಸವಾಗುತ್ತಿದೆ, ಇಲ್ಲಿ ಪ್ಲಾಸ್ಟಿಕ್ ಹಳ್ಳ ತುಂಬುತ್ತಿದೆ. ಇವೆರಡೂ ಒಂದೇ ಕಥೆಯ ಎರಡು ಭಾಗಗಳೆಂದು ನನ್ನ ನಂಬಿಕೆ.

ಕಾಡನ್ನು ಉಳಿಸಲು ಹೋರಾಡುವ ನಾವು ಹುಲ್ಲುಗಾವಲಿನ ಜನರ ಹೋರಾಟವನ್ನು ಬೇರೆಯೆಂದು ಭಾವಿಸಬಾರದು. ನಾವು ಮಾಡಬಹುದಾದದ್ದು ಇಷ್ಟು: ಮನೆಗೊಂದು ಕೈಮಗ್ಗದ ಕಂಬಳಿಯನ್ನು ನೇಕಾರರಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳೋಣ. ಆಗಾಗ ಬಿಸಿಲಿಗೆ ಹಾಕಿ ಕಾಪಾಡೋಣ. ಸವೆದು ಹರಿದ ಮೇಲೆ ತೋಟದ ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹಾಕೋಣ. ಅದರಲ್ಲಿರುವ ಸಾರಜನಕ, ಗಂಧಕಗಳು ನಿಧಾನವಾಗಿ ಮಣ್ಣಿಗೆ ಸೇರುತ್ತವೆ. ಕುರಿ ಮೇದ ಹುಲ್ಲು ಹೀಗೆ ಮತ್ತೆ ಮಣ್ಣಾಗುತ್ತದೆ.