ಏರಿಯಲ್ ಕೊಳ್ಳುವ ಮುನ್ನ
(ಬಾನುಲಿ ಭಾಷಣ)

ಟೆಲಿವಿಷನ್ನಿನ ಏರಿಯಲ್ಲನ್ನು ಕುರಿತು ರೇಡಿಯೋದಲ್ಲಿ ಮಾತನಾಡುವುದೇ ಒಂದು ವಿನೋದ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳಿ ನಿವೃತ್ತನಾದ ಕನ್ನಡದ ಅಧ್ಯಾಪಕನೊಬ್ಬ ಅದಕ್ಕೆ ಒಪ್ಪಿಕೊಂಡು ಬಂದಿರುವುದು ಮತ್ತೊಂದು ವಿನೋದ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ. ನಾನು ತಪ್ಪು ಏರಿಯಲ್ಲನ್ನು ಕೊಂಡು, ಅದನ್ನು ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ಅಲ್ಲಿ ನಗೆಪಾಟಲಾದವನು. ಒಬ್ಬನಿಗೆ ಬಿದ್ದ ಪೆಟ್ಟು ಹತ್ತು ಜನಕ್ಕೆ ಪಾಠವಾಗಲಿ ಎಂಬ ಆಸೆಯಿಂದ ಈ ನಾಲ್ಕು ಮಾತುಗಳು.

ಗುಂಡ್ಲುಪೇಟೆಯಲ್ಲಿ ನನ್ನ ಅಕ್ಕನಿದ್ದಾಳೆ. ವಯಸ್ಸು ಎಪ್ಪತ್ತೈದು ದಾಟಿದೆ. ಭಾವನವರು ತೀರಿಕೊಂಡ ಮೇಲೆ ಮಕ್ಕಳು ಎಷ್ಟು ಕರೆದರೂ ಬೆಂಗಳೂರಿಗೆ ಹೋಗಲೊಪ್ಪದೆ, ಹಳೆಯ ಹೆಂಚಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯೊಳಗೆ ಕನ್ನಡದ ಒಂದು ದನಿ ಕೇಳುತ್ತಿರಬೇಕೆಂಬುದು ಅವಳ ಆಸೆ. ಕೇಬಲ್ಲಿಗೆ ತಿಂಗಳು ತಿಂಗಳು ಕೊಡಬೇಕಾದ ಹಣ ಭಾರವೆನಿಸಿದಾಗ ಅದನ್ನು ತೆಗೆಸಿಬಿಟ್ಟಳು. ಆಮೇಲೆ ನನಗೆ ಫೋನು ಮಾಡಿ, "ನೂರು ಚಾನೆಲ್ ಕಟ್ಟಿಕೊಂಡು ನಾನೇನು ಮಾಡಲೋ? ಚಂದನ ಒಂದು ಬಂದರೆ ಸಾಕು. ನಿಮ್ಮ ಭಾವ ಮಾಡಿನ ಮೇಲೆ ಹಾಕಿಸಿದ್ದು ಇನ್ನೂ ಹಂಗೇ ಅದೆ. ಅದರಲ್ಲಿ ಬರೋ ಹಂಗೆ ಮಾಡಿಸಿಕೊಡು" ಎಂದಳು.

ಭಾವನವರ ಆ ಏರಿಯಲ್ ನನಗೂ ಚೆನ್ನಾಗಿ ನೆನಪಿದೆ. 1980ರ ದಶಕದ ನಡುವಿನಲ್ಲಿ, ಎತ್ತರವಾದ ಕಬ್ಬಿಣದ ಕೊಳವೆಯ ತುದಿಯಲ್ಲಿ, ಮೈಸೂರಿನ ದಿಕ್ಕಿಗೆ ಮುಖ ಮಾಡಿಸಿ ನಿಲ್ಲಿಸಿದ್ದು. ಭಾವನವರು ಮೇಲೆ ನಿಂತು ಅದನ್ನು ತಿರುಗಿಸುವುದು, ಅಂಗಳದಲ್ಲಿ ನಿಂತ ಮಗ ಒಳಗಿನ ಅಕ್ಕನನ್ನು "ಬಂತಾ?" ಎಂದು ಕೂಗಿ ಕೇಳುವುದು, "ಬಂತು, ಬಂತು, ಅಯ್ಯೋ ಹೋಯ್ತು" ಎಂಬ ಉತ್ತರ ಹೊರಗೆ ಬರುವುದು, ಇವೆಲ್ಲ ಆ ಕಾಲದ ಎಲ್ಲ ಮನೆಗಳ ಕಥೆ. ವಾರಕ್ಕೊಮ್ಮೆ ಬರುತ್ತಿದ್ದ ಕನ್ನಡ ಚಲನಚಿತ್ರಕ್ಕಾಗಿ ಅರ್ಧ ಬೀದಿ ಆ ಮನೆಯ ನಡುಮನೆಯಲ್ಲಿ ಕೂಡುತ್ತಿತ್ತು. ರಾಜ್‌ಕುಮಾರರ ಮುಖದ ಮೇಲೆ ಎಷ್ಟೇ ಮಂಜು ಸುರಿದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಮೀನಿನ ಮುಳ್ಳನ್ನು ಹೋಲುವ ಆ ಏರಿಯಲ್ಲಿಗೆ ಯಾಗಿ ಏರಿಯಲ್ ಎಂದು ಹೆಸರು. 1926ರ ಸುಮಾರಿಗೆ ಜಪಾನಿನ ಯಾಗಿ ಮತ್ತು ಉಡಾ ಎಂಬ ಇಬ್ಬರು ವಿದ್ವಾಂಸರು ರೂಪಿಸಿದ್ದು. ಅದರ ಅಡ್ಡಕೊಳವೆಗಳಲ್ಲಿ ಒಂದಕ್ಕೆ ಮಾತ್ರ ತಂತಿ ಜೋಡಿಸಿರುತ್ತದೆ. ಅದೇ ಅಲೆಯನ್ನು ಹಿಡಿಯುವುದು. ಅದರ ಹಿಂದಿರುವ, ಸ್ವಲ್ಪ ಉದ್ದವಾದ ಕೊಳವೆ ಅಲೆಯನ್ನು ಮರಳಿ ಮುಂದಕ್ಕೆ ತಳ್ಳುತ್ತದೆ. ಮುಂದಿರುವ ಗಿಡ್ಡ ಕೊಳವೆಗಳು ಅದನ್ನು ಒಳಕ್ಕೆ ಕರೆದುಕೊಳ್ಳುತ್ತವೆ. ಹಿಡಿಯುವ ಕೊಳವೆಯ ಉದ್ದ ಅಲೆಯ ಉದ್ದದ ಅರ್ಧದಷ್ಟಿರಬೇಕು. ಒಂದೂವರೆ ಮೀಟರಿನ ಅಲೆಗೆ ಮುಕ್ಕಾಲು ಮೀಟರಿಗೆ ಒಂದಿಷ್ಟು ಕಡಿಮೆಯಾದ ಕೊಳವೆ. ಛಂದಸ್ಸಿನಲ್ಲಿ ಮಾತ್ರೆಗೆ ಲೆಕ್ಕವಿರುವಂತೆಯೇ ಇಲ್ಲಿ ಅಳತೆಗೆ ಲೆಕ್ಕವಿದೆ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಮಾತ್ರ ಹಣ ಕಳೆದ ಮೇಲೆ.

ಅಕ್ಕನ ಮಾತು ಕೇಳಿದವನು ನೇರವಾಗಿ ಒಂದು ಅಂಗಡಿಗೆ ಹೋದೆ. ಅಲ್ಲಿ ರಟ್ಟಿನ ಪೆಟ್ಟಿಗೆಯೊಂದರ ಮೇಲೆ 'ಡಿಜಿಟಲ್ ಏರಿಯಲ್' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಳಗೆ ಸ್ಲೇಟಿನಷ್ಟು ಅಗಲದ ತೆಳುವಾದ ಕಪ್ಪು ಹಲಗೆ. ಮಾಡು ಹತ್ತಬೇಕಾಗಿಲ್ಲ, ಕಿಟಕಿಗೆ ಅಂಟಿಸಿದರೆ ಸಾಕು, ಎಲ್ಲ ಚಾನೆಲ್ಲುಗಳೂ ಉಚಿತವಾಗಿ ಬರುತ್ತವೆ ಎಂದರು. ಅಚ್ಚಾದ ಅಕ್ಷರವನ್ನು ನಂಬುವುದು ನಮ್ಮ ವೃತ್ತಿಯವರ ದೌರ್ಬಲ್ಯ. ಕೊಂಡೆ. ಗುಂಡ್ಲುಪೇಟೆಯ ಮನೆಯ ನಾಲ್ಕು ಕಿಟಕಿಗಳಿಗೂ ಅದನ್ನು ಅಂಟಿಸಿ ನೋಡಿದ್ದಾಯಿತು. ಪರದೆಯ ಮೇಲೆ ಮಂಜು ಕೂಡ ಬೀಳಲಿಲ್ಲ. ಅಕ್ಕ ಆ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಳಪ ಒಂದು ತಂದಿದ್ದರೆ ಚೆನ್ನಾಗಿತ್ತು, ಅಗಸೆಯ ಲೆಕ್ಕನಾದರೂ ಬರಕೋಬಹುದಾಗಿತ್ತು" ಎಂದಳು.

ಪದವಿ ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿ, ಈಗ ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿರುವ ಶಿಷ್ಯನೊಬ್ಬನ ಮುಂದೆ ಈ ದುಃಖವನ್ನು ತೋಡಿಕೊಂಡೆ. ಅವನು ಒಂದೇ ಪ್ರಶ್ನೆ ಕೇಳಿದ: "ಸಾರ್, ಆ ಏರಿಯಲ್ ಯಾವ ಊರಿನ ಗೋಪುರವನ್ನು ನೋಡಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. "ಅದು ಗೊತ್ತಿಲ್ಲದೆ ಏರಿಯಲ್ ಕೊಳ್ಳುವುದೆಂದರೆ, ಊರಿನ ಹೆಸರು ಕೇಳದೆ ಬಸ್ಸು ಹತ್ತಿದ ಹಾಗೆ" ಎಂದು ನಕ್ಕ.

ಅವನು ತಿಳಿಸಿದ ಸಂಗತಿ ಇದು. ಡಿಜಿಟಲ್ ಏರಿಯಲ್ ಎಂಬ ಬೇರೆ ಜಾತಿಯೇ ಇಲ್ಲ. ಏರಿಯಲ್ಲಿಗೆ ಅಲೆಯ ಅಳತೆ ಗೊತ್ತು, ಅದು ಬರುವ ದಿಕ್ಕು ಗೊತ್ತು; ಅದರೊಳಗೆ ಬರೆದಿರುವ ಲಿಪಿ ಗೊತ್ತಿಲ್ಲ. ಕಾಗದ ಕನ್ನಡದಲ್ಲಿದೆಯೋ ತಮಿಳಿನಲ್ಲಿದೆಯೋ ಎಂಬುದು ಅಂಚೆಪೆಟ್ಟಿಗೆಗೆ ತಿಳಿಯಬೇಕಾಗಿಲ್ಲ. ಓದುವ ಕೆಲಸ ಟಿ.ವಿ.ಯೊಳಗಿನ ಟ್ಯೂನರಿನದು, ಇಲ್ಲವೇ ಸೆಟ್‌ಟಾಪ್ ಬಾಕ್ಸಿನದು. ಹಾಗಾದರೆ ಭಾವನವರ ಯಾಗಿಯೇ ಸಾಕಲ್ಲವೇ? ಸಾಕು, ನೆಲದ ಮೇಲಿನ ಯಾವುದಾದರೊಂದು ಗೋಪುರದಿಂದ ಅಲೆ ಬರುತ್ತಿದ್ದರೆ. ಕಷ್ಟವಿರುವುದು ಅಲ್ಲಿಯೇ.

ದೆಹಲಿಯಲ್ಲಿ ದೂರದರ್ಶನ ಆರಂಭವಾದದ್ದು 1959ರಲ್ಲಿ. ಬೆಂಗಳೂರಿನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಮೇಲೆ ದೇಶದ ಊರೂರುಗಳಲ್ಲಿ ಚಿಕ್ಕ ಚಿಕ್ಕ ಮರುಪ್ರಸಾರ ಗೋಪುರಗಳು ಎದ್ದವು. ನಮ್ಮ ಮಾಡುಗಳ ಮೇಲಿನ ಮೀನಿನ ಮುಳ್ಳುಗಳೆಲ್ಲ ನೋಡುತ್ತಿದ್ದದ್ದು ಅಂತಹ ಗೋಪುರಗಳ ಕಡೆಗೆ. ಉಪಗ್ರಹದಿಂದಲೇ ಚಾನೆಲ್ಲುಗಳು ನೇರವಾಗಿ ಮನೆಗೆ ಬರತೊಡಗಿದ ಮೇಲೆ ಅವುಗಳ ಕೆಲಸ ಮುಗಿಯಿತು. ಆಯಕಟ್ಟಿನ ಸ್ಥಳಗಳಲ್ಲಿರುವ ಸುಮಾರು 50ನ್ನು ಬಿಟ್ಟು ಉಳಿದ ಹಳೆಯ ಪ್ರೇಷಕಗಳನ್ನೆಲ್ಲ 2022ರ ಮಾರ್ಚಿನೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ಭಾವನವರ ಏರಿಯಲ್ ಇಂದಿಗೂ ಮೈಸೂರಿನತ್ತಲೇ ನೋಡುತ್ತಿದೆ. ಆದರೆ ಅಲ್ಲಿಂದ ಅದನ್ನು ಕರೆಯುವವರಿಲ್ಲ.

ನೆಲದ ಗೋಪುರದಿಂದಲೇ ಡಿಜಿಟಲ್ ಪ್ರಸಾರ ಮಾಡುವ ಏರ್ಪಾಡೂ ನಮ್ಮ ದೇಶಕ್ಕೆ ಬಂದಿತು. 2016ರಲ್ಲಿ ದೂರದರ್ಶನವು ಬೆಂಗಳೂರು ಸೇರಿದಂತೆ ಹದಿನಾರು ನಗರಗಳಲ್ಲಿ ಅದನ್ನು ಆರಂಭಿಸಿತು. ನಾನು ಕೊಂಡ ಹಲಗೆ ಅಂತಹ ನಗರದ ನಡುವೆ, ಗೋಪುರದ ನೆರಳಿನಲ್ಲಿರುವ ಮನೆಗೆ ತಕ್ಕದ್ದು. ಬೆಂಗಳೂರಿನಿಂದ ಚಾಮರಾಜನಗರ ಹಕ್ಕಿಯ ದಾರಿಯಲ್ಲಿಯೂ ಸುಮಾರು 135 ಕಿಲೋಮೀಟರ್. ಗುಂಡ್ಲುಪೇಟೆ ಇನ್ನೂ ಆಚೆಗೆ. ಈ ಅಲೆಗಳು ಬಹುಮಟ್ಟಿಗೆ ಕಣ್ಣೋಟದಂತೆ ನೇರವಾಗಿ ಸಾಗುವವು. ಭೂಮಿಯ ಬಾಗನ್ನು ಬಳಸಿಕೊಂಡು ಅಷ್ಟು ದೂರ ಬರಲಾರವು. ಕಿಟಕಿಗೆ ಅಂಟಿಸಿದ ಹಲಗೆಯ ಮಾತಿರಲಿ, ತೆಂಗಿನ ಮರದ ತುದಿಗೆ ಯಾಗಿ ಕಟ್ಟಿದರೂ ಫಲವಿಲ್ಲ.

ಆದ್ದರಿಂದ ನಮ್ಮ ಸೀಮೆಯ ಮನೆಗೆ ತಕ್ಕ ಏರಿಯಲ್ಲೆಂದರೆ ಆಕಾಶವನ್ನು ನೋಡುವ ಡಿಶ್. ಇದು ಕರ್ನಾಟಕಕ್ಕೆ ತೀರ ಹೊಸದೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ಸೈಟ್ ಪ್ರಯೋಗದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳ ಜನ ಉಪಗ್ರಹದಿಂದ ನೇರವಾಗಿ ಟಿ.ವಿ. ನೋಡಿದ್ದರು. ಬೆಂಗಳೂರಿಗೇ ಟಿ.ವಿ. ಇಲ್ಲದ ಕಾಲ ಅದು. ಅಂದು ಬಳಸಿದ ಡಿಶ್ ಮೂರು ಮೀಟರ್ ಅಗಲದ್ದು, ಕೋಳಿಗೂಡಿಗೆ ಹೊಡೆಯುವಂತಹ ತಂತಿಬಲೆಯಿಂದ ಮಾಡಿದ್ದು. ಅಲೆಯ ಉದ್ದ ಒಂದು ಅಡಿಗೂ ಮಿಕ್ಕಿದ್ದರಿಂದ ಅಷ್ಟು ದೊಡ್ಡ ಬೋಗುಣಿ ಬೇಕಾಗಿತ್ತು. ಇಂದಿನ ಪ್ರಸಾರದ ಅಲೆ ಒಂದು ಅಂಗುಲದಷ್ಟು ಮಾತ್ರ. ಅದಕ್ಕೆ 60 ಸೆಂಟಿಮೀಟರ್ ಅಗಲದ ಡಿಶ್ ಸಾಕು.

ದೂರದರ್ಶನದ ಫ್ರೀ ಡಿಶ್ ಸೇವೆ 2004ರ ಡಿಸೆಂಬರಿನಲ್ಲಿ ಬೇರೊಂದು ಹೆಸರಿನಿಂದ ಆರಂಭವಾಯಿತು. ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಹಣವಿಲ್ಲ. ಚಂದನ ಅದರಲ್ಲಿದೆ. ಇದನ್ನು ಹೊತ್ತಿರುವ ಜಿಸ್ಯಾಟ್-15 ಎಂಬ ಉಪಗ್ರಹ 2015ರ ನವೆಂಬರಿನಲ್ಲಿ ಮೇಲೇರಿದ್ದು. ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ಭೂಮಿಯೊಡನೆಯೇ ಸುತ್ತುತ್ತ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿದೆ. ಅದನ್ನು ಅಲ್ಲಿ ಕದಲದಂತೆ ನೋಡಿಕೊಳ್ಳುವವರು ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಅದು ಇರುವುದು ಆಗ್ನೇಯ ದಿಕ್ಕಿನಲ್ಲಿ, ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ ವಾಲಿ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲೆ. ಅಷ್ಟು ಎತ್ತರದಲ್ಲಿರುವುದರಿಂದ ಯಾವ ಬೆಟ್ಟವೂ ನಮಗೆ ಅಡ್ಡವಲ್ಲ. ಹಳೆಯ ಏರಿಯಲ್ಲಿಗೆ ಊರಾಚೆಯ ಬೆಟ್ಟ ಶತ್ರು. ಹೊಸದಕ್ಕೆ ಅಂಗಳದ ಮರ.

ಅಕ್ಕನ ಮನೆಯಲ್ಲಿ ಆದದ್ದೂ ಅದೇ. ಡಿಶ್ ಹಾಕುವ ಹುಡುಗ ಬಂದು ಅಡಿಗೆಮನೆಯ ತಾರಸಿಯ ಅಂಚಿಗೆ ಅದನ್ನು ಬಿಗಿದ. ಚಿತ್ರ ಬಂತು. ಗಾಳಿ ಬೀಸಿದೊಡನೆ ಚೂರುಚೂರಾಗಿ ಒಡೆದುಹೋಯಿತು. ಆಗ್ನೇಯಕ್ಕೆ ಭಾವನವರು ಮನೆ ಕಟ್ಟಿಸಿದ ವರ್ಷ ನೆಟ್ಟ ತೆಂಗಿನ ಮರವಿದೆ. ಅದರ ಗರಿ ಓಲಾಡಿದಾಗಲೆಲ್ಲ ಅಲೆಗೆ ಅಡ್ಡ ಬರುತ್ತಿತ್ತು. "ಮರ ತೆಗೆಸಿಬಿಡಿ ಅಜ್ಜಿ, ಹಳೇ ಮರ, ಹೆಂಗಿದ್ದರೂ ಬೀಳೋದೇ" ಎಂದ ಹುಡುಗ. ಅಕ್ಕ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಟೀವಿ ಬ್ಯಾಡ ಕಣಪ್ಪ, ಬಿಚ್ಚಿಕೊಂಡು ಹೋಗು. ಅವರು ಹಾಕಿಸಿದ್ದು ಒಂದು ಆಗಲೇ ಮೂಕಾಗಿ ಕೂತದೆ. ಇದೊಂದನ್ನೂ ಕಡಿಸಲ್ಲ" ಎಂದು ಒಳಗೆ ಹೋದಳು.

ನಾನು ಶಿಷ್ಯನಿಗೆ ಫೋನು ಮಾಡಿದೆ. ಅದು ಮಾರ್ಚ್ ತಿಂಗಳ ನಡುಭಾಗ. ಅವನು ಸ್ವಲ್ಪ ಲೆಕ್ಕ ಹಾಕಿ, "ಸಾರ್, ಒಳ್ಳೆಯ ಕಾಲದಲ್ಲಿ ಕೇಳಿದಿರಿ. ಮಾರ್ಚಿನ ಮಧ್ಯದಲ್ಲೂ ಸೆಪ್ಟೆಂಬರಿನ ಕೊನೆಯಲ್ಲೂ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ನಮ್ಮ ಸೂರ್ಯ ಆ ಉಪಗ್ರಹದ ನೇರಕ್ಕೇ ಬರುತ್ತಾನೆ. ಈಗ ಹನ್ನೊಂದೂಕಾಲಿಗೆ ತಾರಸಿಯ ಮೇಲೆ ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲಿ ಉಪಗ್ರಹ ಕಾಣುತ್ತದೆ. ಎಲ್ಲಿ ಗರಿಯ ನೆರಳು ಬೀಳುತ್ತದೋ ಅಲ್ಲಿ ಕಾಣುವುದಿಲ್ಲ. ಅಷ್ಟೇ" ಎಂದ.

ಇದನ್ನು ಕೇಳಿದ ಅಕ್ಕ ಒಳಗಿನಿಂದಲೇ, "ಅದಕ್ಕೆ ಲೆಕ್ಕ ಯಾಕೋ? ಸಂಡಿಗೆ ಒಣಗಿಸೋಳು ನಾನು. ಹನ್ನೊಂದು ಗಂಟೆಗೆ ಮರದ ನೆರಳು ಎಲ್ಲಿ ಬೀಳ್ತದೆ, ಎಲ್ಲಿ ಬೀಳಲ್ಲ ಅಂತ ನನ್ನ ಕೇಳು" ಎಂದಳು. ತಾರಸಿಯ ಈಶಾನ್ಯದ ಮೂಲೆಯಲ್ಲಿ ಅವಳ ಸಂಡಿಗೆಯ ಚಾಪೆ ಹಾಸಿತ್ತು. ಪ್ರತಿ ವರ್ಷವೂ ಅಲ್ಲೇ ಹಾಸುವುದಂತೆ. ಹುಡುಗ ಚಾಪೆಯನ್ನು ಒಂದು ಮೊಳ ಸರಿಸಿ ಡಿಶ್ಶನ್ನು ಅಲ್ಲಿ ನಿಲ್ಲಿಸಿದ. ಚಂದನ ಬಂತು. ಗಾಳಿ ಬೀಸಿತು, ಗರಿಗಳು ತಮ್ಮ ಪಾಡಿಗೆ ತಾವು ಓಲಾಡಿದವು, ಚಿತ್ರ ಕದಲಲಿಲ್ಲ.

ಸಂಡಿಗೆಯ ಕಾಲವಲ್ಲದಾಗ ಏನು ಮಾಡಬೇಕು ಎಂದು ಕೇಳುವವರಿಗೆ ಒಂದು ಸುಲಭ ಲೆಕ್ಕವಿದೆ. ಡಿಶ್ಶಿನಿಂದ ಆ ದಿಕ್ಕಿನಲ್ಲಿ ಹತ್ತು ಅಡಿ ದೂರದಲ್ಲಿರುವ ಮರ ಅಥವಾ ಗೋಡೆ, ಡಿಶ್ಶಿನ ಮಟ್ಟಕ್ಕಿಂತ ಸುಮಾರು 22 ಅಡಿ ಮೇಲೆ ಹೋಗಿದ್ದರೆ ಅಡ್ಡ ಬರುತ್ತದೆ. ಇಪ್ಪತ್ತು ಅಡಿ ದೂರವಿದ್ದರೆ 45 ಅಡಿ. ಡಿಶ್ಶಿನ ಮುಖ ನೇರವಾಗಿ ಮುಂದಕ್ಕೆ ನೋಡುವಂತೆ ಕಂಡರೆ ಗಾಬರಿಪಡಬೇಡಿ. ಅದರ ನೋಟ ನಮ್ಮ ಕಣ್ಣಿಗೆ ತೋರುವುದಕ್ಕಿಂತ ಬಹಳ ಮೇಲಕ್ಕಿರುವಂತೆಯೇ ಅದನ್ನು ಮಾಡಿರುತ್ತಾರೆ. ಹಿಂದೆ ಯಾವುದೋ ಕಂಪನಿಗೆ ಹಣ ಕಟ್ಟುತ್ತಿದ್ದ ಕಾಲದ ಡಿಶ್ ಮನೆಯಲ್ಲಿದ್ದರೆ ಎಸೆಯಬೇಡಿ. ಅದರ ತೋಳಿನ ತುದಿಯ ಎಲ್‌ಎನ್‌ಬಿ ಸರಿಯಾಗಿದ್ದರೆ ದಿಕ್ಕು ಬದಲಿಸಿ ಸಾಮಾನ್ಯವಾಗಿ ಅದನ್ನೇ ಬಳಸಬಹುದು. ಪೆಟ್ಟಿಗೆ ಕೊಳ್ಳುವಾಗ ಎಂಪೆಗ್-4 ಬಗೆಯದನ್ನು ಕೇಳಿ. ಅದು ಹಳೆಯ ಎಂಪೆಗ್-2 ಪ್ರಸಾರವನ್ನೂ ಓದುತ್ತದೆ.

ಮಳೆ ಬಿರುಸಾದಾಗ ಚಿತ್ರ ಹೋಗುವುದುಂಟು. ಅಂಗುಲದುದ್ದದ ಅಲೆಗೆ ಮಳೆಯ ಹನಿಯೂ ಒಂದು ಅಡ್ಡಿಯೇ. ಸೂರ್ಯ ಉಪಗ್ರಹದ ನೇರಕ್ಕೆ ಬರುವ ಆ ಕೆಲವು ದಿನಗಳಲ್ಲಿಯೂ ಕೆಲವು ನಿಮಿಷ ಹೀಗಾಗಬಹುದು. ಹಳೆಯ ಪ್ರಸಾರ ಪರೀಕ್ಷೆಯಲ್ಲಿ ಅಂಕ ಕೊಡುವ ಮೇಷ್ಟರಂತೆ, ನೂರಕ್ಕೆ ಇಪ್ಪತ್ತನ್ನಾದರೂ ಕೊಡುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಪಾಸು ಇಲ್ಲವೇ ಫೇಲು, ನಡುವಣ ದರ್ಜೆಯಿಲ್ಲ. ಹತ್ತು ನಿಮಿಷ ಕಾದರೆ ತಾನಾಗಿ ಬರುತ್ತದೆ. ಮಳೆಯಲ್ಲಿ ತಾರಸಿ ಹತ್ತುವುದು ಬೇಡ. ಗುಡುಗು ಮಿಂಚು ಇದ್ದರೆ ಪ್ಲಗ್ಗನ್ನು ಕಿತ್ತಿಡುವುದು ಒಳ್ಳೆಯದು.

ಕೇಳುಗರು ನೆನಪಿಡಬೇಕಾದದ್ದು ಇಷ್ಟೇ. ಏರಿಯಲ್ಲನ್ನು ಅಂಗಡಿಯಲ್ಲಿ ಆರಿಸುವುದಲ್ಲ, ನಮ್ಮ ಅಂಗಳದಲ್ಲಿ ನಿಂತು ಆರಿಸಬೇಕು. ಅಲೆ ಎಲ್ಲಿಂದ ಬರುತ್ತದೆ, ಅದರ ಅಳತೆ ಎಷ್ಟು, ನಡುವೆ ಏನು ಅಡ್ಡ ನಿಂತಿದೆ, ಈ ಮೂರನ್ನು ಕೇಳಿಕೊಂಡ ಮೇಲೆ ಹಣದ ಚೀಲಕ್ಕೆ ಕೈ ಹಾಕಬೇಕು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ತೆರೆದಾಗ ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ದನಿ ಆಕಾಶದಿಂದಲೇ ಬರುತ್ತದೆ. ಆದರೆ ಅದು ಇಳಿಯುವುದಕ್ಕೆ ಮಾಡಿನ ಮೇಲೆ ಒಂದು ಸರಿಯಾದ ಜಾಗ ಬೇಕು. ಆ ಜಾಗ ಕೆಲವು ಸಲ ಪುಸ್ತಕ ಓದಿದವರಿಗಿಂತ ಸಂಡಿಗೆ ಒಣಗಿಸುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಭಾವನವರ ಏರಿಯಲ್ಲನ್ನು ಅಕ್ಕ ತೆಗೆಸಲಿಲ್ಲ. ಆ ಕಪ್ಪು ಹಲಗೆ ಮಾತ್ರ ನನ್ನ ಮೇಜಿನ ಮೇಲಿದೆ. ಅಚ್ಚಾದ ಅಕ್ಷರವನ್ನು ತೀರ ಸುಲಭವಾಗಿ ನಂಬುವ ಮನಸ್ಸಾದಾಗ ಅದನ್ನೊಮ್ಮೆ ನೋಡುತ್ತೇನೆ.