ಪೆಟ್ಟು ಬಿದ್ದ ಮೇಲಿನ ಕಥೆ



ಪಿಕ್ಚರ್ ಶುರುವಾಗುವ ಮುನ್ನ ತೆರೆಯ ಮೇಲೆ ಒಂದು ಸರ್ಟಿಫಿಕೇಟ್ ಬರುತ್ತದೆ. ಚಿತ್ರದ ಹೆಸರು, ಭಾಷೆ, ಉದ್ದ, ನೋಡಿ ಒಪ್ಪಿಗೆ ಕೊಟ್ಟವರ ಹೆಸರು, ಕೆಳಗೊಂದು ಸಹಿ. ಅದು ತೆರೆಯ ಮೇಲಿರುವ ಆ ಕೆಲವು ಸೆಕೆಂಡುಗಳಲ್ಲಿ ಟಾಕೀಸಿನೊಳಗೆ ಶಿಳ್ಳೆ ಎದ್ದಿರುತ್ತದೆ, ಸೀಟು ಹುಡುಕುವವರ ಮೊಬೈಲ್ ಬೆಳಕು ಅತ್ತಿತ್ತ ಓಡಾಡುತ್ತಿರುತ್ತದೆ, ಕೂಸನ್ನು ತೊಡೆಗೇರಿಸಿಕೊಂಡ ತಾಯಿ ಸೆರಗು ಸರಿಮಾಡಿಕೊಳ್ಳುತ್ತಿರುತ್ತಾಳೆ. ಈ ಚಿತ್ರವನ್ನು ನಿಮ್ಮ ಮಗುವಿಗೆ ತೋರಿಸಬಹುದೇ ಎಂದು ಸರ್ಕಾರ ನಮ್ಮೊಡನೆ ಮಾತಾಡುವುದು ಆ ಒಂದೇ ಗಳಿಗೆಯಲ್ಲಿ. ಯಾರೂ ಅತ್ತ ನೋಡುವುದಿಲ್ಲ. ನೋಡಿದರೂ ಟಿಕೆಟ್ ಹರಿಸಿ ಒಳಗೆ ಕೂತಾಗಿರುತ್ತದೆ.

ಆ ಕಾಗದಕ್ಕೆ ಒಂದು ಚರಿತ್ರೆಯಿದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಎಲ್ಲರಿಗೂ 'ಯು', ವಯಸ್ಕರಿಗೆ ಮಾತ್ರ 'ಎ' ಎಂದು ಎರಡೇ ಗುಂಪು ಮಾಡಿತ್ತು. ಐದು ವರ್ಷದ ಕೂಸಿಗೂ ಹದಿನೇಳರ ಹುಡುಗನಿಗೂ ಒಂದೇ ಅಳತೆ. 1983ರಲ್ಲಿ 'ಯುಎ' ಸೇರಿತು. ಹನ್ನೆರಡರ ಒಳಗಿನ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂಬುದನ್ನು ಹೆತ್ತವರೇ ಯೋಚಿಸಲಿ ಎಂಬುದು ಅದರ ಅರ್ಥ. ನಲವತ್ತು ವರ್ಷ ಅದೇ ನಡೆಯಿತು. ಶ್ಯಾಮ್ ಬೆನಗಲ್ ಅಧ್ಯಕ್ಷತೆಯ ಸಮಿತಿ 2016ರಲ್ಲೇ ಈ ನಡುಗುಂಪನ್ನು ಒಡೆಯಬೇಕೆಂದು ಹೇಳಿತ್ತು. ಕೊನೆಗೆ 2023ರ ತಿದ್ದುಪಡಿಯಿಂದ ಯುಎ 7+, ಯುಎ 13+, ಯುಎ 16+ ಎಂಬ ಮೂರು ಮೆಟ್ಟಿಲು ಬಂದವು. ಒಳ್ಳೆಯ ಹೆಜ್ಜೆ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. 'ಎ' ಚಿತ್ರಕ್ಕೆ ಹುಡುಗನೊಬ್ಬ ಬಂದರೆ ಗೇಟಿನಲ್ಲೇ ತಡೆಯಬೇಕು, ಅದು ಕಾನೂನು. 'ಯುಎ 16+' ಚಿತ್ರಕ್ಕೆ ಅಪ್ಪ ಅಮ್ಮನ ಕೈಹಿಡಿದು ಆರು ವರ್ಷದ ಮಗು ಬಂದರೆ ಯಾರೂ ತಡೆಯುವಂತಿಲ್ಲ. ಅಂದರೆ ಕಾನೂನು ತೀರ್ಮಾನವನ್ನು ಹೆತ್ತವರ ಕೈಗೆ ಕೊಟ್ಟಿದೆ. ತೀರ್ಮಾನ ಮಾಡುವುದು ಹೇಗೆ ಎಂಬುದನ್ನು ಮಾತ್ರ ಹೇಳಿಕೊಟ್ಟಿಲ್ಲ. ಶಿಕ್ಷಕರೂ ಹೆತ್ತವರೂ ಕೊಳಗಲ್ಲಿನಲ್ಲಿ ಸೇರಿರುವ ಈ ಸಂಕಿರಣಕ್ಕೆ ಕೆಲಸವಿರುವುದು ಅಲ್ಲಿಯೇ.

ನಾವು ಸಾಮಾನ್ಯವಾಗಿ ಹೇಗೆ ತೂಗುತ್ತೇವೆ? ರಕ್ತ ಎಷ್ಟು ಹರಿಯಿತು, ಬೈಗುಳ ಎಷ್ಟು, ಮೈ ಎಷ್ಟು ಕಂಡಿತು ಎಂದು ಎಣಿಸುತ್ತೇವೆ. ಎಣಿಕೆ ಸುಲಭ, ಅದಕ್ಕೇ ನಮಗೆ ಪ್ರಿಯ. ಆದರೆ ಸೆನ್ಸಾರ್ ಮಂಡಳಿಗೆ 1991ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿಯೇ ಚಿತ್ರವನ್ನು ಇಡಿಯಾಗಿ, ಅದರ ಒಟ್ಟು ಪರಿಣಾಮದಿಂದ ಅಳೆಯಬೇಕೆಂದು ಹೇಳುತ್ತದೆ. ಈ ಮಾತನ್ನು ಮಕ್ಕಳ ವಿಷಯಕ್ಕೆ ತಂದರೆ ನನಗೆ ಕಾಣುವುದು ಇಷ್ಟು: ತೆರೆಯ ಮೇಲೆ ಪೆಟ್ಟು ಬಿತ್ತೇ ಎನ್ನುವುದು ಮೊದಲ ಪ್ರಶ್ನೆಯಲ್ಲ, ಪೆಟ್ಟು ಬಿದ್ದ ಮೇಲೆ ಏನಾಯಿತು ಎನ್ನುವುದು ಮೊದಲ ಪ್ರಶ್ನೆ. ಹೊಡೆದವನಿಗೆ ಹಾರ ಬಿತ್ತೇ? ಬಿದ್ದವನಿಗೆ ಮನೆ, ಹೆಸರು, ಅಳುವ ತಾಯಿ ಇದ್ದಳೇ, ಅಥವಾ ಅವನು ಗಾಳಿಯಲ್ಲಿ ಹಾರಿಬಿದ್ದ ಚೀಲವೇ?

ಇದು ಬರೀ ನನ್ನ ಊಹೆಯಲ್ಲ. ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಶಿಶುವಿಹಾರದ ಮಕ್ಕಳಿಗೆ ಒಂದು ಪುಟ್ಟ ಚಿತ್ರ ತೋರಿಸಿದ. ಅದರಲ್ಲಿ ದೊಡ್ಡವನೊಬ್ಬ ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುತ್ತಾನೆ. ಕೆಲವು ಮಕ್ಕಳು ಕಂಡ ಚಿತ್ರದಲ್ಲಿ ಹೊಡೆದವನಿಗೆ ಬಹುಮಾನ, ಕೆಲವರದರಲ್ಲಿ ಶಿಕ್ಷೆ, ಉಳಿದವರದರಲ್ಲಿ ಎರಡೂ ಇಲ್ಲ. 1965ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಶಿಕ್ಷೆ ಕಂಡ ಮಕ್ಕಳು ಬೊಂಬೆಯನ್ನು ಹೊಡೆದದ್ದು ಕಡಿಮೆ. ಆದರೆ ಅದೇ ಮಕ್ಕಳಿಗೆ 'ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ' ಎಂದಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮ ಮಾಡಿ ತೋರಿಸಿದರು. ಕಲಿಯುವುದನ್ನು ಎಲ್ಲರೂ ಕಲಿತಿದ್ದರು. ಕಲಿತದ್ದನ್ನು ಕೈಗೆ ತರಬೇಕೇ ಬೇಡವೇ ಎನ್ನುವುದನ್ನು ಮಾತ್ರ ಚಿತ್ರದ ಕೊನೆ ಹೇಳಿಕೊಟ್ಟಿತ್ತು. ಬೊಂಬೆಗೆ ಹೊಡೆಯುವುದು ಬೇರೆ, ಮನುಷ್ಯನಿಗೆ ಹೊಡೆಯುವುದು ಬೇರೆ ಎಂದು ಈ ಪ್ರಯೋಗವನ್ನು ಟೀಕಿಸಿದವರಿದ್ದಾರೆ. ಟೀಕೆಯಲ್ಲಿ ಹುರುಳಿದೆ. ಆದರೂ ಮಗು ಬರೀ ಪೆಟ್ಟನ್ನು ನೋಡುವುದಿಲ್ಲ, ಪೆಟ್ಟಿನ ಫಲವನ್ನೂ ನೋಡುತ್ತದೆ ಎಂಬ ಅಂಶ ಅಲ್ಲಾಡಿಲ್ಲ.

ಇಲ್ಲಿ ಕೆಲವರು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. ನಮ್ಮ ಸೀಮೆಯ ಮಕ್ಕಳು ತಲೆಮಾರುಗಳಿಂದ 'ರಕ್ತರಾತ್ರಿ' ನೋಡಿಕೊಂಡೇ ಬೆಳೆದಿಲ್ಲವೇ? ಹೌದು, ಬೆಳೆದಿದ್ದಾರೆ. ಕಂದಗಲ್ಲ ಹನುಮಂತರಾಯರ ಆ ನಾಟಕವನ್ನು ಬಳ್ಳಾರಿ ಸೀಮೆಯ ಹಳ್ಳಿಗಳು ಇಂದಿಗೂ ಕೈಬಿಟ್ಟಿಲ್ಲ. ಸುಭದ್ರಮ್ಮ ಮನ್ಸೂರರ ದ್ರೌಪದಿ ಅದರಲ್ಲೇ ಮನೆಮಾತಾದದ್ದು. ಮಲಗಿದ್ದ ಪಾಂಡವರ ಮಕ್ಕಳನ್ನು ಅಶ್ವತ್ಥಾಮ ಕೊಲ್ಲುವ ಕಥೆ ಅದು, ಇದಕ್ಕಿಂತ ಕ್ರೂರವಾದದ್ದನ್ನು ಯಾವ ಸಿನಿಮಾವೂ ಯೋಚಿಸಿಲ್ಲ. ಆದರೆ ಆ ರಾತ್ರಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಊರ ಮುಂದಿನ ಬಯಲು, ಚಾಪೆ, ಕಂಬಳಿ, ಹಾರ್ಮೋನಿಯಂ. ಖಡ್ಗ ಹಿಡಿದು ಬಂದವನು ಬೆಳಗಾದರೆ ಗದ್ದೆಗೆ ನೀರು ಕಟ್ಟಲು ಹೋಗುವ ಓಣಿಯ ಮಾವ ಎಂದು ಮಗುವಿಗೆ ಗೊತ್ತು. ಕೊಲೆ ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ಮಕ್ಕಳನ್ನು ಕಳೆದುಕೊಂಡ ತಾಯಿಯ ದುಃಖ ಮುಗಿಯುವುದಿಲ್ಲ. ಹಾಡಿನ ಮೇಲೆ ಹಾಡು, ಮಾತಿನ ಮೇಲೆ ಮಾತು, ಚಾಪೆಯ ಮೇಲೆ ಕೂತ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾಳೆ, ಮೊಮ್ಮಗ ಅಜ್ಜಿಯ ಮುಖ ನೋಡುತ್ತಾನೆ. ಕೊಂದವನಿಗೆ ಶಿಳ್ಳೆ ಬೀಳುವ ಕಥೆಯಲ್ಲ ಅದು. ನಾವು ನೋಡಿ ಬೆಳೆದದ್ದು ಹಿಂಸೆಯನ್ನಷ್ಟೇ ಅಲ್ಲ, ಹಿಂಸೆಯ ನಂತರದ ಗೋಳನ್ನು. 'ರಕ್ತರಾತ್ರಿ'ಯ ಮಾತೆತ್ತಿ ಇಂದಿನ ಚಿತ್ರಗಳನ್ನು ಸಮರ್ಥಿಸುವವರು ಆ ಗೋಳಿಗೆ ಸಮನಾದ ದೃಶ್ಯ ಈ ಚಿತ್ರಗಳಲ್ಲಿ ಎಲ್ಲಿದೆ ಎಂದು ತೋರಿಸಬೇಕು.

ಈಗ 'ಕೆಜಿಎಫ್' ಮಾತಿಗೆ ಬರೋಣ. 2018 ಮತ್ತು 2022ರಲ್ಲಿ ಬಂದ ಈ ಎರಡು ಭಾಗಗಳು ಕನ್ನಡ ಚಿತ್ರರಂಗವನ್ನು ದೇಶದ ಮುಂದೆ ನಿಲ್ಲಿಸಿದವು, ಅದರ ಬಗ್ಗೆ ನನಗೂ ಅಭಿಮಾನವಿದೆ. ಎರಡನೆಯದಕ್ಕೆ ಸಿಕ್ಕಿದ್ದು ಯುಎ. ಮನೆಮಂದಿಯೆಲ್ಲ ಹೋಗಿ ನೋಡಿದರು. ಅಭಿಮಾನಿಗಳು ಹೇಳುತ್ತಾರೆ: ಕೊನೆಗೆ ನಾಯಕ ರಾಕಿ ಸಾಯುತ್ತಾನಲ್ಲ, ಫಲ ಸಿಕ್ಕಿತಲ್ಲ? ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡೂವರೆ ಗಂಟೆಗೂ ಮಿಗಿಲಾಗಿ ಪ್ರತಿ ಏಟಿಗೆ ಸಂಗೀತ, ಪ್ರತಿ ಗುಂಡಿಗೆ ಬಿಲ್ಡಪ್, ಪ್ರತಿ ನಡಿಗೆಗೆ ನಿಧಾನಗತಿ. ಕೊನೆಯ ಸಾವು ಕೂಡ ಸಮುದ್ರದ ನಡುವೆ, ಚಿನ್ನದ ಜೊತೆ, ಒಬ್ಬ ಚಕ್ರವರ್ತಿಯ ಸಾವಿನಂತೆ. ಹದಿಮೂರರ ಹುಡುಗ ಅದನ್ನು ಶಿಕ್ಷೆ ಎಂದು ಓದುವನೇ, ಪಟ್ಟಾಭಿಷೇಕ ಎಂದು ಓದುವನೇ? ಅದೇ ಚಿತ್ರದಲ್ಲಿ ಗಣಿಯೊಳಗೆ ಜೀತಕ್ಕೆ ಬಿದ್ದ ಮನುಷ್ಯರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದ ಜಿಲ್ಲೆ ನಮ್ಮದು; ಮಣ್ಣಿನ ಕೆಳಗಿನ ಹಣ ಮಣ್ಣಿನ ಮೇಲಿನವರಿಗೆ ಏನು ಮಾಡುತ್ತದೆ ಎಂದು ಇಲ್ಲಿನ ಮೇಷ್ಟ್ರಷ್ಟು ಚೆನ್ನಾಗಿ ಬೇರೆಡೆಯ ಮೇಷ್ಟ್ರು ಹೇಳಿಕೊಡಲಾರರು. ಆ ಚಿತ್ರವನ್ನು ಹುಡುಗರಿಂದ ಕಸಿದುಕೊಳ್ಳುವುದಕ್ಕಿಂತ, ಆ ಗಣಿಯ ಕೂಲಿಯವರಲ್ಲಿ ಒಬ್ಬನ ಹೆಸರು ಹೇಳು ನೋಡೋಣ ಎಂದು ಕೇಳುವುದು ಮೇಲು.

ಅದೇ 2022ರಲ್ಲಿ ಹೈದರಾಬಾದಿನ ಹದಿನೈದರ ಹುಡುಗನೊಬ್ಬ ಈ ಚಿತ್ರ ನೋಡಿ ನಾಯಕನಂತೆ ಸಿಗರೇಟು ಸೇದಲು ಹೋಗಿ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಒಂದು ಸುದ್ದಿಯಿಂದ ಏನನ್ನೂ ಸಾಧಿಸಲಾಗದು. ಕೋಟಿ ಜನ ನೋಡಿದರು, ಒಬ್ಬ ಆಸ್ಪತ್ರೆ ಸೇರಿದ. ಆದರೆ ಹಿಂಸೆಯ ಪರಿಣಾಮದ ಬಗ್ಗೆ ಪಂಡಿತರಲ್ಲಿ ಇರುವಷ್ಟು ಜಗಳ ತಂಬಾಕಿನ ಬಗ್ಗೆ ಇಲ್ಲ. ತೆರೆಯ ಮೇಲಿನ ಧೂಮಪಾನ ಎಳೆಯರನ್ನು ಆ ಚಟಕ್ಕೆ ಎಳೆಯುತ್ತದೆ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 2012ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಅಂಥ ಚಿತ್ರಗಳಿಗೆ ವಯಸ್ಕರ ದರ್ಜೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೇಳಿಕೊಂಡು ಬಂದಿದೆ. ನಾವು ಮಾಡಿದ್ದು ಇಷ್ಟು: 2012ರ ಅಕ್ಟೋಬರ್‌ನಿಂದ ಚಿತ್ರದ ಆರಂಭದಲ್ಲೂ ನಡುವೆಯೂ ಒಂದು ಆರೋಗ್ಯ ಸಂದೇಶದ ತುಣುಕು, ಸೇದುವ ದೃಶ್ಯದಲ್ಲಿ ತೆರೆಯ ಕೆಳಗೆ ಒಂದು ಎಚ್ಚರಿಕೆಯ ಸಾಲು. ತೆರೆಯಿಡೀ ತುಂಬಿದ ನಾಯಕ ಹೊಗೆ ಬಿಡುತ್ತಾನೆ, ಕೆಳಗೆ ಪುಟ್ಟ ಅಕ್ಷರ ಬಂದು ಹೋಗುತ್ತದೆ. ಮಗುವಿನ ಕಣ್ಣು ಎಲ್ಲಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ರಕ್ತವೂ ಇಲ್ಲದ, ಹೊಗೆಯೂ ಇಲ್ಲದ ಇನ್ನೊಂದು ಬಗೆಯಿದೆ. ನನ್ನನ್ನು ಹೆಚ್ಚು ಕಾಡುವುದು ಅದೇ. ಬೇಡ ಎಂದವಳ ಹಿಂದೆ ಹುಡುಗ ಬಸ್‌ಸ್ಟಾಪಿಗೆ, ಕಾಲೇಜಿಗೆ, ಮನೆ ಬಾಗಿಲಿಗೆ ಬರುತ್ತಾನೆ. ಹಾಡು ಬರುತ್ತದೆ, ಗೆಳೆಯರು ನಗುತ್ತಾರೆ, ಮಧ್ಯಂತರದ ಹೊತ್ತಿಗೆ ಅವಳು ಒಲಿಯುತ್ತಾಳೆ. ಎಣಿಸುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ, ಚಿತ್ರ ಸಲೀಸಾಗಿ ಮಕ್ಕಳ ಮುಂದೆ ಬರುತ್ತದೆ. ಕಾನೂನಿನಲ್ಲಿ ಹೀಗೆ ಬೆನ್ನುಹತ್ತುವುದು 2013ರಿಂದ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ನಾನು ಹೇಳಿದ ಅಳತೆಗೋಲನ್ನು ಇಲ್ಲಿಟ್ಟು ನೋಡಿ: ಮಾಡಿದವನಿಗೆ ಏನು ಸಿಕ್ಕಿತು? ಹುಡುಗಿ ಸಿಕ್ಕಳು. ಬಂಡೂರಾ ತೋರಿಸಿದ ಬಹುಮಾನದ ಚಿತ್ರ ಇದೇ ಅಲ್ಲವೇ. ಕನ್ನಡವಾಗಲಿ, ನಮ್ಮ ಗಡಿಯೂರುಗಳ ಟಾಕೀಸುಗಳಲ್ಲಿ ಅಷ್ಟೇ ಸಂಭ್ರಮದಿಂದ ಓಡುವ ತೆಲುಗಾಗಲಿ, ಈ ಮಾತಿನಲ್ಲಿ ಭೇದವಿಲ್ಲ.

ಇದೇ ಅಳತೆಗೋಲು ಉಲ್ಟಾ ಕೂಡ ಕೆಲಸ ಮಾಡುತ್ತದೆ, ಅದನ್ನು ಮರೆತರೆ ನಾವು ಮಕ್ಕಳಿಗೆ ಅನ್ಯಾಯ ಮಾಡುತ್ತೇವೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ 'ಕೊಟ್ರೇಶಿ ಕನಸು' ಮಾಡಿದರು, ಅದರ ಹುಡುಗ ವಿಜಯ ರಾಘವೇಂದ್ರ ರಾಷ್ಟ್ರಪ್ರಶಸ್ತಿ ಪಡೆದ. ಏಳನೇ ತರಗತಿ ಪಾಸಾದ ದಲಿತ ಹುಡುಗ ಮುಂದೆ ಓದಬೇಕೆಂದು ಆಸೆಪಟ್ಟದ್ದಕ್ಕೆ ಊರು ಅವನನ್ನು ನಡೆಸಿಕೊಳ್ಳುವ ರೀತಿ ನೋಡಲು ಕಷ್ಟ. ಮಕ್ಕಳಿಗೆ ಇಂಥ ನೋವು ಬೇಡ ಎನ್ನುವವರಿದ್ದಾರೆ. ಆ ನೋವು ನಿಜವಾಗಿ ಅನುಭವಿಸುವ ಮಕ್ಕಳು ತರಗತಿಯಲ್ಲೇ ಕೂತಿರುವಾಗ ತೆರೆಯಿಂದ ಮಾತ್ರ ಅದನ್ನು ಅಳಿಸುವುದು ಯಾರ ರಕ್ಷಣೆಗೆ? 'ಬೆಟ್ಟದ ಹೂವು' (1985) ಚಿತ್ರದ ರಾಮು ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ಕಾಸು ಕೂಡಿಡುತ್ತಾನೆ, ಕೊನೆಗೆ ಆ ಕಾಸಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಬಡತನ ಅಲ್ಲಿ ಇದ್ದಷ್ಟೂ ಇದೆ. ದುಃಖ ಇದೆ ಎಂಬ ಕಾರಣಕ್ಕೆ ಚಿತ್ರ ಮಕ್ಕಳಿಗೆ ಅಯೋಗ್ಯವಾಗುವುದಿಲ್ಲ.

ಎಲ್ಲ ವಯಸ್ಸಿಗೂ ಒಂದೇ ಪ್ರಶ್ನೆ ಸಾಲದು ಎಂಬುದನ್ನೂ ಒಪ್ಪುತ್ತೇನೆ. ಪುಟ್ಟ ಮಕ್ಕಳು ಕಥೆಯ ಫಲಕ್ಕಿಂತ ಮೊದಲು ರೂಪಕ್ಕೆ ಹೆದರುತ್ತಾರೆ. 'ಇನ್‌ಕ್ರೆಡಿಬಲ್ ಹಲ್ಕ್' ಎಂಬ ಟಿವಿ ಧಾರಾವಾಹಿಯಲ್ಲಿ ಒಳ್ಳೆಯ ಮನುಷ್ಯ ಹಸಿರು ದೈತ್ಯನಾಗುತ್ತಾನೆ, ಅದೂ ಒಳ್ಳೆಯದನ್ನು ಮಾಡಲಿಕ್ಕೆ. ಆದರೂ ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳು ಹೆದರಿದರೆಂದು ಜೋಆನ್ ಕ್ಯಾಂಟರ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಕಂಡುಕೊಂಡರು. ನಾಲ್ಕು ವರ್ಷದ ಕೂಸಿಗೆ ಕಂಬ ಸೀಳಿ ಬರುವ ನರಸಿಂಹನೂ ಭಯವೇ. ಭಕ್ತಿಚಿತ್ರ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಕರೆದೊಯ್ಯುವಂತಿಲ್ಲ.

ಇನ್ನು ಎಲ್ಲಕ್ಕಿಂತ ಬಲವಾದ ಆಕ್ಷೇಪ: ಮೊಬೈಲು ಕೈಯಲ್ಲಿರುವಾಗ ಇದೆಲ್ಲ ಏಕೆ? 2021ರ ನಿಯಮಗಳು ಓಟಿಟಿಗಳಿಗೂ ವಯಸ್ಸಿನ ದರ್ಜೆ, ಪೋಷಕರ ಬೀಗ ಕಡ್ಡಾಯ ಮಾಡಿವೆ. ಆದರೆ ಇಡೀ ಮನೆಗೆ ಒಂದೇ ಫೋನು, ಅದರ ಬೀಗ ಮಗನಿಗೆ ಮಾತ್ರ ಗೊತ್ತು ಎನ್ನುವ ಮನೆಗಳಲ್ಲಿ ಆ ನಿಯಮಕ್ಕೆ ಬಲವಿಲ್ಲ. ಅದಕ್ಕಾಗಿಯೇ ನಾನು ಬೀಗದ ಮಾತಿಗಿಂತ ಮಾತುಕತೆಯ ಮಾತನ್ನು ಆಡುತ್ತಿದ್ದೇನೆ. ಹಾಗೆಂದು ಜೊತೆಗೆ ಕೂತು ನೋಡಿದರೆ ಸಾಕು ಎಂದೂ ಅಲ್ಲ. ಏಮಿ ನೇಥನ್‌ಸನ್ ಎಂಬ ಸಂಶೋಧಕಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತವರು ಜೊತೆಗೆ ಕೂತು ಮಾತಾಡದೆ ಹಿಂಸೆಯ ಕಾರ್ಯಕ್ರಮ ನೋಡಿದ ಮನೆಗಳ ಮಕ್ಕಳಲ್ಲಿ ಆಕ್ರಮಣಶೀಲತೆ ಹೆಚ್ಚು ಕಂಡಿತು. ನೋಡಿದ್ದರ ಬಗ್ಗೆ ಮಾತಾಡಿದ ಮನೆಗಳಲ್ಲಿ ಕಡಿಮೆ. ಅಪ್ಪ ಸುಮ್ಮನಿದ್ದರೆ ಮಗು ಒಪ್ಪಿಗೆ ಎಂದುಕೊಳ್ಳುತ್ತದೆ. ಬಯಲಿನ ಚಾಪೆಯ ಮೇಲೆ ಅಜ್ಜಿ ಅತ್ತದ್ದು ಕೂಡ ಒಂದು ಮಾತೇ ಆಗಿತ್ತು.

ಕೊನೆಗೆ, ಇದೆಲ್ಲ ಕಲಾವಿದರ ಬಾಯಿಗೆ ಬೀಗ ಹಾಕುವ ಹುನ್ನಾರ ಎಂಬ ಅನುಮಾನ. ನಾನು ಒಂದೇ ಒಂದು ದೃಶ್ಯವನ್ನು ಕತ್ತರಿಸಿ ಎಂದು ಕೇಳುತ್ತಿಲ್ಲ. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಕೆಟ್ಟ ಪ್ರಭಾವದಿಂದ ಮಕ್ಕಳನ್ನು ಕಾಯಿರಿ ಎಂದಷ್ಟೇ ಹೇಳುವುದಿಲ್ಲ; ಅವರಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಿರಿ ಎಂದೂ ಹೇಳುತ್ತದೆ. ಈ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ಮಕ್ಕಳ ಹೆಸರಿಲ್ಲ, ನಾವು ದೊಡ್ಡವರೇ ಇದ್ದೇವೆ. ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಶೌಚಾಲಯ, ಬಸ್ಸು, ಮೈದಾನದ ಮಾತು ಬರುತ್ತದೆ. ಈ ಸಲ ಒಂದು ಹಾಡಿನ ದೃಶ್ಯವನ್ನೂ ಆ ಸಭೆಯ ಮುಂದಿಡೋಣ, ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಟಿವಿಯಲ್ಲೇ ತೋರಿಸಬಹುದು: ಬೇಡ ಎಂದವಳ ಹಿಂದೆ ಹುಡುಗ ಬರುವ ಅದೇ ದೃಶ್ಯ. ಹುಡುಗರು ಏನೆನ್ನುತ್ತಾರೋ ಕೇಳೋಣ. ಆಮೇಲೆ, ದಿನಾ ಬೆಳಿಗ್ಗೆ ಬಳ್ಳಾರಿ ಬಸ್ಸಿಗೆ ಕಾಯುವ ಹುಡುಗಿಯರನ್ನು ಕೇಳೋಣ, ಈ ಚಿತ್ರಕ್ಕೆ ಯಾವ ಸರ್ಟಿಫಿಕೇಟ್ ಕೊಡುತ್ತೀರಮ್ಮ ಎಂದು.